ನಲವತ್ತೊಂದನೆಯ ಸಾಲು

ಪ್ರಾಗ್ ನಗರದ ಸ್ಟ್ರಾಹೊವ್ ಮೈದಾನದಲ್ಲಿ
ಅವಳಿಗೊಂದು ಗುರುತು ಕೊಟ್ಟಿದ್ದರು:
ನಲವತ್ತೊಂದನೆಯ ಸಾಲು, ಹದಿನೇಳನೆಯ ಬಿಲ್ಲೆ.
ಅಂಗೈಯಗಲದ ನೆಲ.
ಯರ್ಮಿಲಾ ಕುಬೆಲ್ಕೊವಾ ಎಂಬ ಹೆಸರನ್ನು
ಅಲ್ಲಿ ಯಾರೂ ಕೇಳಲಿಲ್ಲ,
ಪಾದದ ಅಳತೆ ಕೇಳಿದರು, ಬಿಳಿ ಬೂಟು ಕೊಟ್ಟರು.

ಇಡೀ ಚಳಿಗಾಲ ಯಾಬ್ಲೊನೆಟ್ಸಿನ ಶಾಲೆಯಲ್ಲಿ ಅಭ್ಯಾಸ,
ಗಾಜಿನ ಗುಂಡಿಗಳ ಕಾರ್ಖಾನೆಯಿಂದ ನೇರ,
ಪಾಳಿ ಮುಗಿಸಿ.
ಕಾರ್ಖಾನೆಯಲ್ಲಿ ಅವಳ ಕೆಲಸ ಆರಿಸುವುದು:
ಸೊಟ್ಟಗಿದ್ದದ್ದು, ಬಣ್ಣ ತುಸು ತಪ್ಪಿದ್ದು,
ನಾಲ್ಕರ ಬದಲು ಮೂರೇ ತೂತಿದ್ದದ್ದು
ಎಡಗಡೆಯ ಡಬ್ಬಕ್ಕೆ.
ಇಲ್ಲಿ ಕೈ ಎತ್ತು, ಬಾಗು, ಮೂರು ಹೆಜ್ಜೆ, ತಿರುಗು.
'ಪಕ್ಕದವಳನ್ನು ನೋಡಬೇಡ' ಎಂದಳು ಕಲಿಸುವಾಕೆ,
'ಪಕ್ಕದವಳು ನೀನೇ ಅಂತ ತಿಳಿ.'

ಒತ್ತಾಯವಿತ್ತೆ? ಇತ್ತೆನ್ನಬಹುದು.
ಒಲ್ಲೆ ಅಂದವರಿಗೆ ಏನೂ ಆಗಲಿಲ್ಲ.
ಆಗದಿರುವುದೇ ಅವರಿಗೆ ಆದದ್ದು:
ಬಡ್ತಿ ಆಗಲಿಲ್ಲ, ಮಗನ ಸೀಟು ಆಗಲಿಲ್ಲ,
ಪಟ್ಟಿಯಲ್ಲಿ ಮುಂದಿದ್ದ ಮನೆ ಅವರದಾಗಲಿಲ್ಲ.
ಆದರೆ ಯರ್ಮಿಲಾ ಹೋದದ್ದು ಅದಕ್ಕಲ್ಲ.
ಈ ಮಾತನ್ನು ಈಗಲೂ ದನಿ ತಗ್ಗಿಸಿ ಹೇಳುತ್ತಾಳೆ,
ಆಗ ಇನ್ನೊಂದು ಬಗೆಯ ಮಾತಿಗೆ ತಗ್ಗಿಸುತ್ತಿದ್ದಂತೆ:
ಹೋದದ್ದು, ಇಷ್ಟವಾಗಿದ್ದಕ್ಕೆ.

ಆ ಜೂನ್ ಮಧ್ಯಾಹ್ನ
ಧ್ವನಿವರ್ಧಕದಲ್ಲಿ ಪಿಟೀಲು ಶುರುವಾದದ್ದೇ
ಇಪ್ಪತ್ತು ಸಾವಿರ ತೋಳು ಒಟ್ಟಿಗೆ ಮೇಲೆದ್ದವು.
ಗಾಳಿ ಸದ್ದು ಮಾಡಿತು.
ಒಂದು ದೊಡ್ಡ ಹಕ್ಕಿ; ಅದರಲ್ಲಿ ಅವಳು
ಗರಿಯೂ ಅಲ್ಲ, ಗರಿಯ ಒಂದು ಎಳೆ.
ಗಂಡನ ಕುಡಿತ, ಹಾಸಿಗೆ ಹಿಡಿದ ಅಮ್ಮನ ವಾಸನೆ,
ಮೂವತ್ತೆಂಟಕ್ಕೇ ಕಟಕಟ ಅನ್ನುವ ಮೊಣಕಾಲು
ಯಾವುದೂ ಅವಳದಾಗಿರಲಿಲ್ಲ ಅಷ್ಟು ಹೊತ್ತು.
ಗುಂಪಿನಲ್ಲಿ ಗೋವಿಂದ ಎಂದು ನಗುತ್ತೇವೆ ನಾವು.
ಗುಂಪಿನಲ್ಲಿ ಒಮ್ಮೊಮ್ಮೆ ನಿಜವಾಗಿಯೂ
ಗೋವಿಂದ ಸಿಕ್ಕಿಬಿಡುತ್ತಾನೆ,
ಅದನ್ನು ಯಾರಿಗೆ ಹೇಳುವುದು.

ಮೇಲೆ ಕೂತವರಿಗೆ ಚಿತ್ರ ಕಂಡಿತು,
ಹೂವೋ, ನಕ್ಷತ್ರವೋ.
ಒಳಗಿದ್ದವಳಿಗೆ ಕಂಡದ್ದು
ಮುಂದಿನವಳ ಕುತ್ತಿಗೆ, ಅದರ ಮೇಲೊಂದು ಮಚ್ಚೆ.

ಆಮೇಲೆ ಎಲ್ಲ ಬದಲಾಯಿತು, ಗೊತ್ತಲ್ಲ.
ಚೌಕದಲ್ಲಿ ನೆರೆದು ಜನ
ಬೀಗದಕೈ ಗೊಂಚಲು ಅಲ್ಲಾಡಿಸಿದರು
ದೊಡ್ಡವರೇ ಇನ್ನು ಹೊರಡಿ ಎಂದು.
ಅವಳೂ ಅಲ್ಲಾಡಿಸಿದಳು
ಅಕ್ಕಪಕ್ಕ ನೋಡಿಕೊಂಡು, ತಾಳ ತಪ್ಪದಂತೆ.

ಈಗ ಎಪ್ಪತ್ತು ದಾಟಿದೆ.
ಮೊಮ್ಮಗಳು ಭುಜದ ಮೇಲೆ ಹಚ್ಚೆ ಹಾಕಿಸಿಕೊಂಡು ಬಂದು
'ಇದು ನಾನು, ನಾನು ಮಾತ್ರ' ಅಂದಾಗ
ಅದೇ ಬಾನಕ್ಕಿಯನ್ನು ಟ್ರ್ಯಾಮಿನಲ್ಲಿ
ಎರಡು ಭುಜಗಳ ಮೇಲೆ ಕಂಡಿದ್ದರೂ
ಚೆನ್ನಾಗಿದೆ ಅಂದಳು. ಚೆನ್ನಾಗಿಯೇ ಇತ್ತು.

ಮೊನ್ನೆ ಹಳೆ ಪುಸ್ತಕದಂಗಡಿಯಲ್ಲಿ ಆಲ್ಬಮ್ ಸಿಕ್ಕಿತು,
ಎರಡು ಪುಟದಗಲದ ಚಿತ್ರ.
ಭೂತಗನ್ನಡಿ ಹಿಡಿದು ಅಡುಗೆಮನೆಯ ಮೇಜಿಗೆ ಕೂತಳು.
ಸಾಲು ಎಣಿಸಿದಳು,
ಮೂವತ್ತರ ಹತ್ತಿರ ಲೆಕ್ಕ ತಪ್ಪಿತು, ಮತ್ತೆ ಮೊದಲಿಂದ.
ಆಗ ಕಂಡಿತು:
ಬಾಗಿದ ಬೆನ್ನುಗಳ ನಡುವೆ
ನೆಟ್ಟಗೆ ನಿಂತ ಒಂದು ಚುಕ್ಕೆ.
ಜೇನುಹುಳು ಕಡಿಯಿತೋ, ಮರೆತುಹೋಯಿತೋ,
ಬೇಕೆಂದೇ ನಿಂತಳೋ.

ಎದೆ ಹೊಡೆದುಕೊಂಡಿತು. ನಾನೇ?
ಸಾಲು ನಲವತ್ತೊಂದು. ಹೌದು.
ಗುಂಡಿ ಆರಿಸಿ ಸವೆದ ಬೆರಳಿಟ್ಟು ಎಣಿಸಿದಳು
ಹದಿನೈದು, ಹದಿನಾರು, ಬಾಗಿದ ಹದಿನೇಳು,

ಹದಿನೆಂಟು.

ಹೆಬ್ಬೆರಳಿನಿಂದ ಅವಳನ್ನು ಮುಚ್ಚಿದಳು.
ಚಿತ್ರ ಸರಿಹೋಯಿತು.
ತೆಗೆದಳು.
ಕತ್ತಲಾದರೂ ದೀಪ ಹಾಕದೆ ಕೂತೇ ಇದ್ದಾಳೆ:
ಮುಂದಿನವಳ ಮಚ್ಚೆ ಇನ್ನೂ ನೆನಪಿದೆ,
ಒಂದು ಮಾರು ದೂರದಲ್ಲಿದ್ದ ಈ ಪಕ್ಕದವಳದು
ಕೂದಲ ಬಣ್ಣವೂ ಇಲ್ಲ.